ಪ್ರೀತಿಗೆ ಗುಡಿಸಿನ ದೀರ್ಘ

ನನಗೆ ಕನ್ನಡ ಬರೆಯಲು ಕಲಿಸಿದ ಟೀಚರ್ ಕಳೆದ ತಿಂಗಳು ಸೌದಿ ಬಿಟ್ಟು ಊರಿಗೆ ಹೋದರು. ಗಂಡನಿಗೆ ವಯಸ್ಸಾಯಿತೆಂದು ಕಂಪನಿ ಬಿಡುಗಡೆ ಮಾಡಿತು, ಇಬ್ಬರಿಗೂ ಫೈನಲ್ ಎಕ್ಸಿಟ್ ಆಯಿತು. ರಿಯಾದಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅವರಿಬ್ಬರ ಫೋಟೊ ಹಾಕಿ, ಕೆಳಗೆ 'ಆದರ್ಶ ಗೃಹಿಣಿ, ಕನ್ನಡದ ಅಭಿಮಾನಿ' ಎಂದು ಬರೆದಿದ್ದರು. ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಅಲ್ ಖೋಬರಿನ ನನ್ನ ಅಡುಗೆಮನೆಯಲ್ಲಿ ನಿಂತು ಅದನ್ನು ಓದಿದಾಗ ನನಗೆ ಮೈಯೆಲ್ಲ ಉರಿಯಿತು. ಬರೆದವರ ಮೇಲಲ್ಲ, ಅವರಿಗೇನು ಗೊತ್ತು. ಗೃಹಿಣಿಯಂತೆ! ಇಕಾಮಾದಲ್ಲಿ, ಅಂದರೆ ಇಲ್ಲಿನ ವಾಸದ ಪರವಾನಗಿಯಲ್ಲಿ, ಹಾಗೆ ಬರೆದಿತ್ತು, ನಿಜ. ಆದರೆ ಅವರಿಗೆ ಅನ್ನ ಮಾಡಲು ಸರಿಯಾಗಿ ಬರುತ್ತಿರಲಿಲ್ಲ. ಒಂದೋ ಮುದ್ದೆ, ಇಲ್ಲವಾದರೆ ಅಕ್ಕಿ.

ಅವರು ಗಿಡ್ಡ ಹೆಂಗಸು, ದನಿ ಮಾತ್ರ ಮೂರು ಮಹಡಿಗೆ ಕೇಳುವಷ್ಟು. ಉಡುಪಿಯ ಹತ್ತಿರದವರು. ಕನ್ನಡ ಎಂ.ಎ., ಬಿ.ಎಡ್. ಮಾಡಿದ್ದರು. ನಾನು ಚಿಕ್ಕಂದಿನಲ್ಲಿ ಓದಿದ ರಿಯಾದಿನ ಇಂಡಿಯನ್ ಸ್ಕೂಲಿನ ಹುಡುಗಿಯರ ವಿಭಾಗದಲ್ಲಿ ಹಿಂದಿ ಇತ್ತು, ಉರ್ದು ಇತ್ತು, ಮಲಯಾಳಂ ಇತ್ತು, ಕನ್ನಡ ಇರಲಿಲ್ಲ. ಹಾಗಾಗಿ ಅವರಿಗೆ ಲೈಬ್ರರಿ ಕೊಟ್ಟಿದ್ದರು. ಕಪಾಟಿನ ಮುಂದೆ ನಿಂತು ಬಟ್ಟೆ ಕೊಡವುತ್ತಾ, "ಧೂಳು ಒರೆಸ್ಲಿಕ್ಕೆ ಎಂ.ಎ. ಬೇಕು ಮಕ್ಕಳೇ, ಹಾಗೆಲ್ಲ ಯಾರಿಗೂ ಬರುದಿಲ್ಲ" ಎನ್ನುತ್ತಿದ್ದರು.

ಅವರ ಅಬಾಯಾದ, ಆ ಕಪ್ಪು ನಿಲುವಂಗಿಯ, ಒಳಗೆ ಎದೆಯ ಹತ್ತಿರ ಒಂದು ಸಣ್ಣ ಜೇಬು ಇತ್ತು. ತಾವೇ ಹೊಲಿದುಕೊಂಡದ್ದು. ಅದರಲ್ಲಿ ಯಾವಾಗಲೂ ಕೆಂಪು ಪೆನ್ನು. ಮಲಾಜ್ ಬಡಾವಣೆಯಲ್ಲಿ ಅವರ ಮನೆಯ ಕೆಳಗಿದ್ದ ಬಕಾಲಾಕ್ಕೆ, ಅಂದರೆ ದಿನಸಿ ಅಂಗಡಿಗೆ, ಮಂಗಳೂರಿನಿಂದ ಹಪ್ಪಳ, ಸಾರಿನ ಪುಡಿ ಬರುತ್ತಿತ್ತು. ಪೊಟ್ಟಣದ ಮೇಲೆ ಕನ್ನಡ ತಪ್ಪಾಗಿ ಅಚ್ಚಾಗಿದ್ದರೆ ಟೀಚರ್ ಅಲ್ಲೇ ನಿಂತು ಕೆಂಪು ಪೆನ್ನಿನಿಂದ ತಿದ್ದಿ, ಪೊಟ್ಟಣವನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು ಬರುತ್ತಿದ್ದರು. ಅಂಗಡಿಯ ಮಲಬಾರಿ ಅದು ಬೆಲೆ ಬದಲಾದ ಗುರುತು ಎಂದು ತಿಳಿದಿದ್ದನಂತೆ.

ನಾನು ಅವರ ಕೈಗೆ ಸಿಕ್ಕಿದ್ದು ನನ್ನ ಉಮ್ಮನ ದೆಸೆಯಿಂದ. ನಾವು ಬ್ಯಾರಿಗಳು; ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ. ಹತ್ತನೆಯ ತರಗತಿ ಮುಗಿದ ಮೇಲೆ ನನ್ನನ್ನು ಊರಿಗೆ ಕಳಿಸುವುದು ಎಂದು ಮೊದಲೇ ತೀರ್ಮಾನವಾಗಿತ್ತು. "ಅಲ್ಲಿ ಬಸ್ಸಿನ ಬೋರ್ಡ್ ಓದಲಿಕ್ಕಾದರೂ ಬರಬೇಡವಾ ಇವಳಿಗೆ?" ಎಂದು ಉಮ್ಮ ಟೀಚರಲ್ಲಿ ಕೇಳಿದರು. ಟೀಚರ್ ಎರಡು ಮಾತಿಲ್ಲದೆ ಒಪ್ಪಿದರು. ನಾನು, ಕಾರ್ಕಳ ಕಡೆಯ ಒಬ್ಬ ಕೊಂಕಣಿ ಹುಡುಗಿ, ತುಳು ಮಾತಾಡುವ ಇಬ್ಬರು ಅಕ್ಕತಂಗಿಯರು. ಆಗ ಗುರುವಾರ, ಶುಕ್ರವಾರ ರಜೆ. ಗುರುವಾರ ಬೆಳಿಗ್ಗೆ ಅವರ ಫ್ಲಾಟಿನಲ್ಲಿ ಕನ್ನಡ ಪಾಠ.

ಕಾಗುಣಿತ ಎಂದರೆ ನಮಗೆ ದೊಡ್ಡ ತಮಾಷೆ. ಅಕ್ಷರಕ್ಕೆ ಕೊಂಬು ಬರುತ್ತದಂತೆ, ಅದಕ್ಕೆ ತಲೆಕಟ್ಟು ಕಟ್ಟುತ್ತಾರಂತೆ, ಗುಡಿಸು ಎಂದರೆ ಪೊರಕೆ ಹಿಡಿಯುವುದಲ್ಲವಂತೆ! ಟೀಚರ್ ನಮ್ಮ ನಗು ಮುಗಿಯುವವರೆಗೆ ಕಾಯುತ್ತಿದ್ದರು. ಆಮೇಲೆ ಕಂಪನಿ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಬರೆಸುತ್ತಿದ್ದರು. ಒಂದು ದಿನ ಹ್ರಸ್ವ, ದೀರ್ಘ ಮುಗಿಸಿ ಪ್ಲುತ ಎಂದರೇನು ಎಂದು ಹೇಳಿಕೊಟ್ಟರು. ದೂರದಲ್ಲಿರುವವರನ್ನು ಕರೆಯುವಾಗ ಸ್ವರವನ್ನು ಎಳೆಯುತ್ತೇವಲ್ಲ, ಅದು. "ಆದ್ರೆ ನಿಮಗೆ ಅದು ಬೇಡ. ಇಲ್ಲಿ ಎಷ್ಟು ಎಳೆದು ಕರೆದ್ರೂ ಬರುವವರಿಲ್ಲ" ಎಂದು ಪುಟ ಮಗುಚಿದರು.

ಅವರ ಮನೆಯ ಬಾಗಿಲಿಗೆ ಒಂದೇ ಕೀಲಿಕೈ ಇತ್ತು. ಅದು ಗಂಡನ ಬಳಿ. ಕಾಲ ಒಳ್ಳೆಯದಲ್ಲ ಎಂದು ಅವರು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರು. ಗುರುವಾರ ನಾವು ಬರುವ ಹೊತ್ತಿಗೆ ಅವರೂ ಮನೆಯಲ್ಲಿರುತ್ತಿದ್ದರು. ಒಂದು ಗುರುವಾರ ಮಾತ್ರ, ಕಂಪನಿಯ ಪರವಾಗಿ ತಾವು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಸ್ಟೋರಿನಿಂದ ಕರೆ ಬಂತೆಂದು ಅವಸರದಲ್ಲಿ ಹೋಗಿಬಿಟ್ಟಿದ್ದರು. ನಾವು ನಾಲ್ವರೂ ಉಮ್ಮನೂ ಮೂರನೆಯ ಮಹಡಿ ಹತ್ತಿ ಬಾಗಿಲು ಬಡಿದರೆ ಒಳಗಿನಿಂದ ದನಿ ಬಂತು:

"ಎಂತ ಮಾಡುದು ಮಕ್ಕಳೇ, ಬೀಗ ಹೊರಗಿಂದ ಉಂಟು. ಮೆಟ್ಟಿಲಲ್ಲಿ ಕೂತ್ಕೊಳ್ಳಿ. ಇವತ್ತು ಉಕ್ತಲೇಖನ."

ನಾವು ಮೆಟ್ಟಿಲ ಮೇಲೆ ಕೂತೆವು. ಅವರು ಒಳಗಿನಿಂದ ಒಂದೊಂದೇ ಪದ ಕೂಗಿದರು. ಉಪ್ಪಿನಕಾಯಿ. ಕೊಟ್ಟಿಗೆ. ಕೃತಜ್ಞತೆ. ಬರೆದ ಹಾಳೆಗಳನ್ನು ನಾವು ಬಾಗಿಲಿನ ಅಡಿಯಿಂದ ತಳ್ಳಿದೆವು. ಸ್ವಲ್ಪ ಹೊತ್ತಿನಲ್ಲಿ ಅವು ಕೆಂಪು ಗೀಟುಗಳ ಸಮೇತ ವಾಪಸು ಬಂದವು. 'ಕೃತಜ್ಞತೆ' ಯಾರಿಗೂ ಸರಿ ಬಂದಿರಲಿಲ್ಲ. ಒಂದು ಗಂಟೆ ಪೂರ್ತಿ ಪಾಠ ನಡೆಯಿತು. ಮನೆಗೆ ಹೋಗುವ ದಾರಿಯಲ್ಲಿ ಉಮ್ಮ ಯಾರಿಗೆಂದಿಲ್ಲದೆ, "ಬೀಗ ಹಾಕಿದ ಮನೆಯೊಳಗೆ ಇಷ್ಟು ಗಟ್ಟಿ ದನಿ!" ಎಂದರು.

ಗಂಡ ಕೆಟ್ಟವರೆಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಬಿಳಿ ಅಂಗಿ, ಮೆದು ಮಾತು. ನಾವು ಹೋದಾಗಲೆಲ್ಲ ಮಾವಿನ ಜ್ಯೂಸು ತಂದುಕೊಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿಯ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ಆದರೆ ಅವರಲ್ಲಿ ಒಂದು ಪದ ಇತ್ತು, 'ನೋಡುವ'. ಎರಡನೆಯ ಕೀಲಿಕೈ ಮಾಡಿಸೋಣವೆಂದರೆ ನೋಡುವ. ಶುಕ್ರವಾರ ಕಡಲು ನೋಡಿಕೊಂಡು ಬರೋಣವೆಂದರೆ ನೋಡುವ. ನಮ್ಮ ಕಡೆ 'ನೋಡೋಣ' ಎನ್ನಲು ಎಲ್ಲರೂ ಆಡುವ ಮಾತೇ ಅದು. ಟೀಚರ್ ಮಾತ್ರ ಅದನ್ನು ವ್ಯಾಕರಣಕ್ಕೆ ಎಳೆದರು.

"'ನೋಡುವ' ಯಾವ ಕಾಲ, ಹೇಳಿ?" ಎಂದು ಕೇಳಿದರು ಒಮ್ಮೆ. ಗಂಡ ಪಕ್ಕದ ಕೋಣೆಯಲ್ಲೇ ಇದ್ದರು.

"ಫ್ಯೂಚರ್ ಟೆನ್ಸ್" ಎಂದೆವು.

"ಅಲ್ಲ. ಪುಸ್ತಕದ ಕನ್ನಡದಲ್ಲಿ ಅದು ಅರ್ಧ ಮಾತು. ಮುಂದೆ ಎಂತದಾದ್ರೂ ಒಂದು ಬರ್ಬೇಕು. ನೋಡುವ ಮನುಷ್ಯ, ನೋಡುವ ಕಣ್ಣು, ನೋಡುವ ಆಟ. ನಮ್ಮಲ್ಲಿ ಮುಂದೆ ಎಂತದೂ ಬರುದಿಲ್ಲ, ಅಷ್ಟೇ."

ಒಳಗಿನಿಂದ ಗಂಡ ನಕ್ಕದ್ದು ಕೇಳಿತು. ಟೀಚರ್ ನಗಲಿಲ್ಲ.

ಈಗ ಕಾರ್ಡುಗಳ ವಿಷಯ. ನನ್ನ ಮಗಳು ಇಲ್ಲಿ ಅಲ್ ಖೋಬರಿನ ಶಾಲೆಯಲ್ಲಿ ಓದುತ್ತಾಳೆ. ಫೆಬ್ರವರಿ ಬಂತೆಂದರೆ ಮಾಲಿನಲ್ಲಿ ಕೆಂಪು ಹೃದಯಗಳ ರಾಶಿ. ಇವಳು ಗೆಳತಿಯರಿಗೆ ಡಜನುಗಟ್ಟಲೆ ಕಾರ್ಡು ಕೊಳ್ಳುತ್ತಾಳೆ. ನನ್ನ ಕಾಲದಲ್ಲಿ ವ್ಯಾಲೆಂಟೈನ್ ಎಂಬ ಪದವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ ಎಂದರೆ ನಂಬುವುದಿಲ್ಲ. ಆ ವಾರ ಅಂಗಡಿಗಳಲ್ಲಿ ಕೆಂಪು ಗುಲಾಬಿ ಸಿಗುತ್ತಿರಲಿಲ್ಲ. ಶಾಲೆಯಿಂದ ಸುತ್ತೋಲೆ ಬರುತ್ತಿತ್ತು: ಕೆಂಪು ರಿಬ್ಬನ್ ಬೇಡ, ಹೂ ಬೇಡ, ಕಾರ್ಡು ಬೇಡ. ತನಿಖೆಗೆ ಯಾರಾದರೂ ಬಂದರೆ ಶಾಲೆಗೇ ಕುತ್ತು ಎಂಬ ಭಯ ಅವರಿಗೆ. ಹುಡುಗರ ವಿಭಾಗ ಊರಿನ ಇನ್ನೊಂದು ತುದಿಯಲ್ಲಿತ್ತು. ನಾವು ಕಾರ್ಡು ಕೊಡುತ್ತಿದ್ದದ್ದು ಬರೀ ಗೆಳತಿಯರಿಗೆ. ಆದರೂ ಬೇಡ ಎಂದ ಮೇಲೆ ಮಾಡದೆ ಇರಲು ಆಗುತ್ತದೆಯೇ?

ಏಳನೆಯ ತರಗತಿಯಲ್ಲಿ ಕಾರ್ಕಳದ ಹುಡುಗಿಗೆ ಒಂದು ಉಪಾಯ ಹೊಳೆಯಿತು. ಇಡೀ ಶಾಲೆಯಲ್ಲಿ ಕನ್ನಡ ಓದಲು ಬರುವುದು ನಮಗೆ ನಾಲ್ವರಿಗೆ ಮಾತ್ರ. ಕನ್ನಡದಲ್ಲಿ ಬರೆದರೆ ಯಾರಿಗೆ ತಿಳಿಯುತ್ತದೆ? ಹೃದಯವನ್ನು ಕೆಂಪು ಕಾಗದದಲ್ಲಿ ಕತ್ತರಿಸಿದರೆ ತಾನೇ ತೊಂದರೆ? ಹಸಿರು ಚಾರ್ಟ್ ಪೇಪರಿನಲ್ಲಿ ಕತ್ತರಿಸಿದೆವು. ಕೇಳಿದರೆ ವಿಜ್ಞಾನದ ಪ್ರಾಜೆಕ್ಟು ಎನ್ನುವುದು. ಬೆಳಿಗ್ಗೆ ಚೀಲಗಳ ತಪಾಸಣೆ ನಡೆಯಿತು. ಸೂಪರ್‌ವೈಸರ್ ಮೇಡಂ ಲಕ್ನೋ ಕಡೆಯವರು, ಕಣ್ಣು ಹದ್ದಿನದ್ದು. ನಮ್ಮ ಹಸಿರು ಹೃದಯಗಳನ್ನು ತೆಗೆದು ಬೆಳಕಿಗೆ ಹಿಡಿದು, "ಯೇ ಕ್ಯಾ ಹೈ?" ಎಂದರು. ನಮಗೆ ಪ್ರಾಜೆಕ್ಟು ಎಂಬ ಪದವೇ ಮರೆತುಹೋಯಿತು. ಅವರು ನೇರವಾಗಿ ಲೈಬ್ರರಿಗೆ ನಡೆದರು. ನಾವು ಹಿಂದೆ ಹಿಂದೆ. ಕನ್ನಡ ಓದುವ ಐದನೆಯವರು ಅಲ್ಲಿದ್ದಾರೆಂಬುದು ನಮ್ಮ ಉಪಾಯದಲ್ಲಿ ಬಿಟ್ಟುಹೋಗಿತ್ತು.

ಟೀಚರ್ ಕನ್ನಡಕ ಏರಿಸಿ ಮೊದಲನೆಯ ಎಲೆ ಓದಿದರು. ಕಾರ್ಕಳದವಳು ನನಗೆ ಬರೆದದ್ದು: 'ನನ್ನ ಪ್ರೇತಿಯ ಗೆಳತಿ, ನೀನು ನನ್ನ ಹ್ರುದಯ.' ಅವರ ತುಟಿಯ ಒಂದು ಮೂಲೆ ನಡುಗಿತು. ಅದು ನಗುವೋ ಸಿಟ್ಟೋ ನಮಗೆ ತಿಳಿಯಲಿಲ್ಲ. ಆಮೇಲೆ ತಲೆ ಎತ್ತಿ, ಪಾಠ ಓದುವ ದನಿಯಲ್ಲಿ ಹಿಂದಿಯಲ್ಲಿ ಹೇಳಿದರು: "ಇದು ವೀಳ್ಯದೆಲೆ ಮೇಡಂ. ಪಾನ್ ಕಾ ಪತ್ತಾ. ಇದು ಬಳ್ಳಿ. ಬೇರೆ ಮರವನ್ನು ಹಿಡಿದು ಮೇಲೆ ಹೋಗುತ್ತದೆ. ಊಟವಾದ ಮೇಲೆ ತಿನ್ನುತ್ತಾರೆ. ಅಷ್ಟೇ ಬರೆದಿದ್ದಾರೆ."

ಮೇಡಂ ಎಲೆಯ ತುದಿ, ತೊಟ್ಟು ಎಲ್ಲ ನೋಡಿದರು. ಲಕ್ನೋದವರಿಗೆ ಪಾನ್ ಎಲೆ ಗೊತ್ತಿರದೆ ಇರುತ್ತದೆಯೇ! ಕೊನೆಗೆ, "ಶಾಲೆಗೆ ಪಾನ್ ಕೂಡ ತರುವಂತಿಲ್ಲ" ಎಂದು ಗದರಿ ಹೋದರು.

ಮರುದಿನ ಟೀಚರ್ ನಮ್ಮ ಕಾರ್ಡುಗಳನ್ನು ವಾಪಸು ಕೊಟ್ಟರು. ಒಂದೊಂದರ ಮೇಲೂ ಕೆಂಪು ಪೆನ್ನಿನ ತಿದ್ದುಪಡಿ, ಹತ್ತಕ್ಕೆ ಇಷ್ಟು ಎಂದು ಅಂಕ. ನನಗೆ ಬಂದ ಕಾರ್ಡಿನ ಕೆಳಗೆ, 'ಪ್ರೇತ ಬೇರೆ, ಪ್ರೀತಿ ಬೇರೆ. ಪ್ರೀತಿಗೆ ಗುಡಿಸಿನ ದೀರ್ಘ. ಹೃದಯಕ್ಕೆ ವಟ್ರಸುಳಿ. ಐದೈದು ಸಲ ಬರೆದು ತೋರಿಸುವುದು' ಎಂದಿತ್ತು. ಕಾರ್ಕಳದವಳು ಕೂತು ಐದು ಸಲ ಪ್ರೀತಿ ಬರೆದಳು. ನಾನು ಜೊತೆಗೆ ಸುಮ್ಮನೆ ಬರೆದೆ. ಇಂದಿಗೂ ಆ ಪದ ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಅದೇ ದಿನ ಅವರು ನಮ್ಮನ್ನು ಕಪಾಟಿನ ಹಿಂದೆ ಕರೆದು ಒಂದು ಸುದ್ದಿ ಹೇಳಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ಸರ್ಕಾರಿ ಹೈಸ್ಕೂಲಿನ ಕನ್ನಡ ಶಿಕ್ಷಕರ ಪರೀಕ್ಷೆ ಬರೆದಿದ್ದರು. ಗಂಡನೇ ಪರೀಕ್ಷೆಗೆ ಬಿಟ್ಟು ಬಂದಿದ್ದರಂತೆ, ಪಾಸಾಗುವುದಿಲ್ಲ ಎಂಬ ಧೈರ್ಯದ ಮೇಲೆ. ಪಾಸಾಗಿತ್ತು. ನೇಮಕದ ಆದೇಶ ಬಂದಿತ್ತು. ಮಾರ್ಚ್ ಮುಗಿಯುವುದರೊಳಗೆ ಹೋಗಿ ಹಾಜರಾಗಬೇಕು.

"ಇನ್ನು ಒಂದೂವರೆ ತಿಂಗಳು. ಮತ್ತೆ ನಾನು ನಿಜದ ಟೀಚರ್" ಎಂದರು. "ಬೋರ್ಡು, ಸೀಮೆಸುಣ್ಣ, ಎದುರಿಗೆ ಐವತ್ತು ಮಕ್ಕಳು."

"ಅಂಕಲ್ ಎಂತ ಹೇಳಿದ್ರು?" ಎಂದು ಕೇಳಿದೆ.

"ನೋಡುವ ಅಂತ."

ಗಂಡನ ಇಕಾಮಾದ ಮೇಲೆ ಇಲ್ಲಿರುವ ಹೆಂಡತಿ ಊರಿಗೆ ಹೋಗಬೇಕಾದರೆ ಗಂಡನೇ ಅರ್ಜಿ ಹಾಕಿ ಎಕ್ಸಿಟ್ ವೀಸಾ ತೆಗೆಯಬೇಕು. ಪಾಸ್‌ಪೋರ್ಟೂ ಅವರ ಬಳಿಯೇ ಇರುತ್ತದೆ. ಇದು ನಮಗೆ ಹನ್ನೆರಡು ವರ್ಷಕ್ಕೇ ಗೊತ್ತಿದ್ದ ವಿಷಯ. ನನ್ನ ಉಮ್ಮನದ್ದೂ ಹಾಗೆಯೇ, ಎಲ್ಲರ ತಾಯಂದಿರದ್ದೂ ಹಾಗೆಯೇ. ಈಗ ನನ್ನದನ್ನು ನನ್ನ ಗಂಡ ಮೊಬೈಲಿನಲ್ಲಿ ಒತ್ತಿ ಕೊಡುತ್ತಾರೆ. ಎರಡು ನಿಮಿಷದ ಕೆಲಸ. ಎರಡು ನಿಮಿಷದ್ದು ಎಂದು ಗೊತ್ತಾದ ಮೇಲೆ ನನಗೆ ಟೀಚರ ನೆನಪು ಇನ್ನೂ ಹೆಚ್ಚು ಚುಚ್ಚುತ್ತದೆ.

ನನ್ನ ಬಳಿ ಒಂದು ಹಸಿರು ಎಲೆ ಉಳಿದಿತ್ತು. ಟೀಚರಿಗೆ ಒಂದು ಕಾರ್ಡು ಕೊಡಬೇಕೆನಿಸಿತು. ಹತ್ತನೆಯ ತರಗತಿ ಮುಗಿದ ಮೇಲೆ ನಾನೂ ಊರಿಗೇ ಹೋಗುವವಳಲ್ಲವೇ? ಅವರ ಶಾಲೆಯ ಹತ್ತಿರದ ಕಾಲೇಜಿಗೇ ಸೇರಬಹುದು ಎಂದು ಲೆಕ್ಕ ಹಾಕಿದ್ದೆ. ಪೆನ್ಸಿಲಿನಿಂದ ಗೆರೆ ಎಳೆದು, ಗೆರೆಯ ಮೇಲೆ ಒಂದೊಂದೇ ಅಕ್ಷರ ಕೂರಿಸಿದೆ. 'ಪ್ರೀತಿಯ ನಿಮಗೆ. ನೀವು ಬೇಗ ಊರಿಗೆ ಹೋಗಿ. ನಾನೂ ಅಲ್ಲಿಗೆ ಬರುತ್ತೇನೆ. ಅಲ್ಲಿ ಒಟ್ಟಿಗೆ ಇರುವ. ಯಾರಿಗೂ ಹೇಳಬೇಡಿ.' ಪ್ರೀತಿಗೆ ದೀರ್ಘ ಸರಿಯಾಗಿ ಎಳೆದಿದ್ದೇನೆಯೇ ಎಂದು ಮೂರು ಸಲ ನೋಡಿದೆ. ವ್ಯಾಲೆಂಟೈನ್ ಕಾರ್ಡಿಗೆ ಹೆಸರು ಹಾಕಬಾರದು, ಪಡೆದವರೇ ಊಹಿಸಬೇಕು ಎಂದು ಇಂಗ್ಲಿಷ್ ಕತೆಪುಸ್ತಕದಲ್ಲಿ ಓದಿದ್ದೆ. ಹಾಗಾಗಿ ಹೆಸರು ಹಾಕಲಿಲ್ಲ. ಬುಧವಾರ, ವಾರದ ಕೊನೆಯ ದಿನ, ಅವರ ಕೈಚೀಲದ ಪಕ್ಕದ ಖಾನೆಗೆ ತುರುಕಿ ಬಂದೆ.

ಆ ಗುರುವಾರ ಪಾಠ ಇಲ್ಲವೆಂದು ಫೋನು ಬಂತು. ಶನಿವಾರ ಟೀಚರ್ ಶಾಲೆಗೆ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಹುಷಾರಿಲ್ಲವಂತೆ ಎಂದರು. ಉಮ್ಮ ನೋಡಿಕೊಂಡು ಬರುತ್ತೇನೆಂದು ಹೋಗಿ, ಬಂದು, ಉಪ್ಪನಿಗೆ ಬ್ಯಾರಿಯಲ್ಲಿ ಹೇಳುತ್ತಿದ್ದರು. ನಾನು ಅಲ್ಲೇ ನೆಲದಲ್ಲಿ ಕೂತು ಮನೆಪಾಠ ಬರೆಯುತ್ತಿದ್ದೆ. ಬುಧವಾರ ಟೀಚರೂ ಗಂಡನೂ ಶಾಲೆಯಿಂದ ಕಾರಿನಲ್ಲಿ ಬರುವಾಗ ಪೊಲೀಸರು ತಡೆದು ಇಕಾಮಾ ಕೇಳಿದರಂತೆ. ಹೆಂಡತಿಯ ಇಕಾಮಾದ ಪ್ರತಿಗಾಗಿ ಗಂಡ ಅವರ ಚೀಲಕ್ಕೆ ಕೈ ಹಾಕಿದಾಗ ಒಂದು ಕಾಗದ ಸಿಕ್ಕಿತಂತೆ. ಹಸಿರು ಕಾಗದ. ಕನ್ನಡದಲ್ಲಿ. ಯಾರೋ ಗಂಡಸು ಊರಿಗೆ ಹೋಗು, ನಾನೂ ಬರುತ್ತೇನೆ ಎಂದು ಬರೆದದ್ದಂತೆ. ಇನ್ನು ಅವರನ್ನು ಊರಿಗೆ ಕಳಿಸುವುದಿಲ್ಲ ಎಂದು ಗಂಡ ಹೇಳಿಬಿಟ್ಟರಂತೆ.

"ಪಾಪ, ಅವಳು ಅಂಥವಳಲ್ಲ" ಎಂದರು ಉಮ್ಮ.

"ನಮಗೆ ಯಾಕೆ ಅದೆಲ್ಲ" ಎಂದರು ಉಪ್ಪ.

ನಾನು ಬರೆಯುತ್ತಲೇ ಇದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಟೀಚರೇ ಕಲಿಸಿದ್ದರು, ಅದರ ಅರ್ಥ ಆ ದಿನ ಮೈಗೆ ತಾಗಿತು. ಎದ್ದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು: ಅದು ನಾನು. ಹೇಳಲಿಲ್ಲ. ಕಾರ್ಡಿನ ವಿಷಯ ಹೊರಬಿದ್ದರೆ ಶಾಲೆಯಿಂದ ತೆಗೆದುಹಾಕುತ್ತಾರೆ, ಮುತವ್ವಗಳು, ಅಂದರೆ ಧರ್ಮದ ಪೊಲೀಸರು, ಬಂದು ಉಪ್ಪನನ್ನು ಹಿಡಿದುಕೊಂಡು ಹೋಗುತ್ತಾರೆ, ನಮ್ಮೆಲ್ಲರ ಇಕಾಮಾ ಹೋಗುತ್ತದೆ ಎಂದು ನಂಬಿದ್ದೆ. ದಿನಾ ನಾಳೆ ಹೇಳುತ್ತೇನೆ ಎಂದುಕೊಂಡೆ. ಹಾಗೆ ಮಾರ್ಚ್ ಮುಗಿಯಿತು.

ಏಪ್ರಿಲಿನಲ್ಲಿ ಹೊಸ ತರಗತಿ ಶುರುವಾದಾಗ ಟೀಚರ್ ಲೈಬ್ರರಿಗೆ ಬಂದರು. ಅದೇ ಬಟ್ಟೆ, ಅದೇ ಕಪಾಟು. ನೌಕರಿಯ ಮಾತು ಅವರೂ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಗುರುವಾರದ ಪಾಠವೂ ಮತ್ತೆ ಶುರುವಾಯಿತು, ಗಂಡ ಜ್ಯೂಸು ತಂದುಕೊಟ್ಟರು. ನನ್ನ ಅಕ್ಷರ ತಿದ್ದುವಾಗ ಟೀಚರ್ ಒಂದು ದಿನವೂ ಬೇರೆ ದೃಷ್ಟಿಯಿಂದ ನನ್ನನ್ನು ನೋಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಒಂದು ಯೋಚನೆ ಮಾತ್ರ ಕೊರೆಯುತ್ತಲೇ ಇತ್ತು. ನಾನು ಅಷ್ಟು ಸರಿಯಾಗಿ ಬರೆಯದೆ ಇದ್ದಿದ್ದರೆ, ಎಲ್ಲಾದರೂ ಒಂದು 'ಪ್ರೇತಿ' ಹಾಕಿದ್ದರೆ, ಅದು ಮಗುವಿನ ಕೈಬರಹವೆಂದು ಅವರಿಗೆ ತಿಳಿಯುತ್ತಿತ್ತು. ಟೀಚರ್ ಕಲಿಸಿದ ಕನ್ನಡವೇ ಟೀಚರಿಗೆ ಮುಳುವಾಯಿತು ಎಂದು ಇಪ್ಪತ್ತು ವರ್ಷ ನಂಬಿದೆ.

ಆಮೇಲೆ ನಾನು ಊರಿಗೆ ಹೋದೆ, ಓದಿದೆ, ಮದುವೆಯಾಗಿ ಮತ್ತೆ ಸೌದಿಗೇ ಬಂದೆ. ಟೀಚರ್ ಮಲಾಜಿನ ಅದೇ ಫ್ಲಾಟಿನಲ್ಲಿದ್ದರು. ವರ್ಷ ಬಿಟ್ಟು ವರ್ಷ ಇಬ್ಬರೂ ಒಟ್ಟಿಗೆ ಊರಿಗೆ ಹೋಗಿ ಒಟ್ಟಿಗೆ ಬರುತ್ತಿದ್ದರು, ಹೋದ ಪುಟ್ಟ ಬಂದ ಪುಟ್ಟ ಎಂಬಂತೆ. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. "ಏನಾದ್ರೂ ಬರೀತೀಯಾ?" ಎಂದು ಕೇಳುತ್ತಿದ್ದರು. ಇಲ್ಲ ಟೀಚರ್ ಎನ್ನುತ್ತಿದ್ದೆ. ಪ್ರತಿ ಸಲವೂ ಬಾಯಿತುದಿಗೆ ಬಂದದ್ದನ್ನು ನುಂಗಿ ಫೋನು ಇಡುತ್ತಿದ್ದೆ.

ಅವರು ಹೊರಡುವ ಹಿಂದಿನ ದಿನ ನಾನೇ ಕಾರು ಓಡಿಸಿಕೊಂಡು ರಿಯಾದಿಗೆ ಹೋದೆ. ನಾಲ್ಕು ಗಂಟೆಯ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ. ಫ್ಲಾಟಿನ ತುಂಬ ರಟ್ಟಿನ ಪೆಟ್ಟಿಗೆಗಳು. ಗಂಡ ನೆಲದಲ್ಲಿ ಕೂತು ಒಂದೊಂದಕ್ಕೆ ಟೇಪು ಸುತ್ತುತ್ತಿದ್ದರು. ಟೀಚರ್ ಅಡುಗೆಮನೆಯಲ್ಲಿ ಚಹಕ್ಕೆ ಇಟ್ಟಿದ್ದರು. ಒಲೆಯ ಜೊತೆ ಅವರು ಜಗಳವಾಡುವ ಸದ್ದು ಕೇಳುತ್ತಿತ್ತು. ಅವರ ಮುಖ ನೋಡಿ ಹೇಳುವ ಧೈರ್ಯ ನನಗಾಗಲಿಲ್ಲ. ಗಂಡನಿಗೆ ಹೇಳಿದೆ.

"ಅಂಕಲ್, ಆ ಹಸಿರು ಕಾರ್ಡು ಬರೆದದ್ದು ನಾನು. ಟೀಚರ ಚೀಲದಲ್ಲಿ ಇಟ್ಟದ್ದೂ ನಾನೇ."

ಅವರು ಟೇಪನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. ಪೆಟ್ಟಿಗೆಯ ಅಂಚಿಗೆ ಒತ್ತಿದರು. ಆಮೇಲೆ ಹೇಳಿದರು, "ನೀನು ಅಂತ ಗೊತ್ತಿರ್ಲಿಲ್ಲ. ಯಾರೋ ಮಗು ಅಂತ ಗೊತ್ತಿತ್ತು."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಕಾರಿನಲ್ಲೇ. 'ಒಟ್ಟಿಗೆ' ಅನ್ನುದನ್ನು 'ಒಟಿಗ್ಗೆ' ಅಂತ ಬರೆದಿತ್ತು. ಪೆನ್ಸಿಲ್ ಗೆರೆ ಬೇರೆ. ಹಾಗೆ ಬರೆಯುವ ಗಂಡಸು ಯಾರಿದ್ದಾನೆ ಮಾರಾಯ್ತಿ?"

"ಹಾಗಾದ್ರೆ ಯಾಕೆ ಅಂಕಲ್?"

ಅವರು ನನ್ನನ್ನು ನೋಡಲಿಲ್ಲ. "ಸುಮ್ನೆ ಕಳಿಸುದಿಲ್ಲ ಅಂತ ಹೇಳ್ಲಿಕ್ಕೆ ನನಗೆ ಮುಖ ಇರ್ಲಿಲ್ಲ. ಅವಳು ಕಷ್ಟಪಟ್ಟು ಪಾಸಾದದ್ದು. ಆದ್ರೆ ಅವಳು ಹೋದ್ರೆ ಈ ಮನೆಯಲ್ಲಿ ನಾನೊಬ್ಬನೇ. ಒಬ್ಬನೇ ಕೂತು ಉಣ್ಣಲಿಕ್ಕೆ ನನ್ನಿಂದ ಆಗುದಿಲ್ಲ. ಎಂತದಾದ್ರೂ ಒಂದು ನೆವ ಬೇಕಿತ್ತು. ಸಿಕ್ಕಿತು." ಮತ್ತೆ ಟೇಪು ಎಳೆದರು. "ಅವಳಿಗೆ ಹೇಳ್ಬೇಡ. ಹೋಗುವ ಹೊತ್ತಿಗೆ ಯಾಕೆ."

ಇಪ್ಪತ್ತು ವರ್ಷ ಒಂದು ಗುಟ್ಟು ಹೊತ್ತುಕೊಂಡು ಬಂದವಳು ಅದನ್ನು ಇಳಿಸಲು ಬಂದರೆ, ಇವರು ಇನ್ನೊಂದನ್ನು ಹೆಗಲಿಗೆ ಹಾಕಿ ಕೂತರು. ಚಹ ಬಂತು, ಸಕ್ಕರೆ ಹೆಚ್ಚಾಗಿತ್ತು. ಮೂವರೂ ಕುಡಿದೆವು. ವಿಮಾನದ ತೂಕ, ಊರಿನ ಮನೆಯ ನಳ್ಳಿನೀರು ಎಂದು ಏನೇನೋ ಮಾತಾಡಿದೆವು. ಆ ಮನುಷ್ಯನನ್ನು ದ್ವೇಷಿಸಲು ನೋಡಿದೆ, ಅದೂ ಪೂರ್ತಿ ಆಗಲಿಲ್ಲ.

ಟೀಚರ್ ನನ್ನನ್ನು ಕಾರಿನವರೆಗೆ ಬಿಡಲು ಕೆಳಗಿಳಿದು ಬಂದರು. ಬಿಸಿಲು ಇಳಿಯುತ್ತಿತ್ತು. ಕಾರಿನ ಬಾಗಿಲು ಹಿಡಿದುಕೊಂಡೇ ನನ್ನ ಪಾಲಿನದ್ದನ್ನು ಹೇಳಿಬಿಟ್ಟೆ. "ಟೀಚರ್, ಆ ಕಾರ್ಡು ನನ್ನದು. ಕ್ಷಮಿಸಿ."

"ಒಂದು ವರ್ಷ ತಿದ್ದಿದ ಅಕ್ಷರ. ನಂಗೆ ಗೊತ್ತಾಗುದಿಲ್ವಾ?"

"ಮತ್ತೆ ಅಂಕಲಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದೆ. ಅವತ್ತೇ ಹೇಳಿದೆ. ನಿನ್ನ ಉಕ್ತಲೇಖನದ ಹಾಳೆ ತಂದು ಪಕ್ಕದಲ್ಲಿಟ್ಟು ತೋರಿಸಿದೆ. ಅವರು ಹಾಳೆ ನೋಡ್ಲೇ ಇಲ್ಲ, ಗೋಡೆ ನೋಡಿದ್ರು. ಆಗ ನನಗೆ ಗೊತ್ತಾಯ್ತು, ಅವರಿಗೂ ಗೊತ್ತುಂಟು ಅಂತ." ಬಕಾಲಾದ ಕಡೆ ನೋಡುತ್ತಾ ಮಾತಾಡುತ್ತಿದ್ದರು. ದನಿ ಸಣ್ಣದಾಗಿತ್ತು. "ಬಾಯಿಬಿಟ್ಟು ಕೇಳ್ಬಹುದಿತ್ತು. ಕೇಳಿ, ಅವರು ಹೌದು ಅಂದ್ರೆ? ಹೌದು ಅಂದ ಮನುಷ್ಯನ ಜೊತೆ ನಾನು ಆ ಮನೆಯಲ್ಲಿ ಹೇಗೆ ಇರುದು? ಎದ್ದು ಹೋಗುವ ಅಂದ್ರೆ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿ. ಸಂಶಯಪಟ್ಟ ಗಂಡ ಆದ್ರೆ ಹೇಗಾದ್ರೂ ಬದುಕ್ಬಹುದು. ಹಾಗಾಗಿ ಸಂಶಯ ಅಂತಲೇ ಇಟ್ಕೊಂಡೆ."

ನನಗೆ ಅಳು ಬಂತು. ಅಲ್ಲೇ ಬೀದಿಯಲ್ಲಿ ನಿಂತು ಅತ್ತೆ. ಅವರು ಅಳಲಿಲ್ಲ. ನನ್ನ ಶಾಲು ಸರಿಮಾಡಿದರು.

"ಮೇಲೆ ಅವರು ನಿನ್ನತ್ರ ಎಂತದೋ ಹೇಳ್ತಾ ಇದ್ರಲ್ಲ. ಎಂತ?" ಎಂದರು.

"ಏನಿಲ್ಲ ಟೀಚರ್. ಪೆಟ್ಟಿಗೆಯ ವಿಷಯ."

ಅವರು ನನ್ನ ಮುಖವನ್ನೇ ನೋಡಿದರು. ಉತ್ತರ ತಪ್ಪೆಂದು ಗೊತ್ತಿದ್ದೂ ಅಂಕ ಕೊಡುವವರ ಹಾಗೆ ತಲೆಯಾಡಿಸಿದರು.

"ಹಾಗೇ ಹೇಳು. ಅವರು ಕೇಳಿದ್ರೂ ಟೀಚರ್ ಎಂತದೂ ಹೇಳ್ಲಿಲ್ಲ ಅಂತಲೇ ಹೇಳು. ನಾಳೆ ವಿಮಾನದಲ್ಲಿ ಅವರ ಪಕ್ಕದಲ್ಲೇ ಕೂತ್ಕೊಳ್ಬೇಕಲ್ಲ. ಊರಿನ ಮನೆಯಲ್ಲೂ ನಾವಿಬ್ಬರೇ."